ಖಾಜಾಸಾಬ್ ಇರಾನ್ ಆದ ಮಧ್ಯಾಹ್ನ

ಲಿಂಗಸುಗೂರಿನಿಂದ ಬೆಳಿಗ್ಗೆ ಏಳಕ್ಕೆ ಬಿಡುವ ಸಿಂಧನೂರು ಬಸ್ಸಿಗೆ ಕಂಡಕ್ಟರ್ ಸುರೇಖಾ ಬಂದಿದ್ದಾಳೆಂದರೆ ಮುಂದಿನ ಸೀಟುಗಳು ಮೊದಲು ತುಂಬುತ್ತಿದ್ದವು. ಟಿಕೆಟ್ ಕೊಡುವ ಕೆಲಸ ಮುಗಿದ ಮೇಲೆ ಅವಳು ಡ್ರೈವರ್ ಸೀಟಿನ ಹಿಂದಿನ ಕಂಬಿಗೆ ಬೆನ್ನು ಆನಿಸಿ ನಿಲ್ಲುತ್ತಿದ್ದಳು. ಯಾರಾದರೂ ಪೇಪರಿನ ಸುದ್ದಿ ಕೇಳಿದರೆ ಬಿಡಿಸಿ ಹೇಳುತ್ತಿದ್ದಳು. ಯಾರೂ ಕೇಳದಿದ್ದರೂ ಒಮ್ಮೊಮ್ಮೆ ಹೇಳುತ್ತಿದ್ದಳು. ತೊಗರಿ ಹೊಲಗಳ ಕರಿನೆಲ ದಾಟಿ ಮಸ್ಕಿ ಮುಟ್ಟುವಷ್ಟರಲ್ಲಿ ಒಂದು ದೇಶದ ಕಥೆ, ಮಸ್ಕಿಯಿಂದಾಚೆ ಭತ್ತದ ಗದ್ದೆಗಳ ಹಸಿರು ಶುರುವಾದ ಮೇಲೆ ಇನ್ನೊಂದು ದೇಶದ್ದು.

ಅವಳು ಜವಳಗೇರಾದವಳು. ತಂದೆ ಲಾಲಪ್ಪ ಎಡದಂಡೆ ಕಾಲುವೆಯಲ್ಲಿ ನೀರು ಬಿಡುವ ಗ್ಯಾಂಗ್‌ಮನ್ ಆಗಿದ್ದ. ತಾಯಿ ಪಕೀರಮ್ಮ ಹಾಡು ಹೇಳುತ್ತ ಸಾಲು ಹಿಡಿದು ಭತ್ತ ನಾಟಿ ಮಾಡುವುದರಲ್ಲಿ ಊರಿಗೇ ಮುಂದು. ಮನೆಯ ಗೋಡೆಯ ಮೇಲೆ ಬುದ್ಧ, ಅಂಬೇಡ್ಕರ್ ಇಬ್ಬರ ಪಟ, ಅವುಗಳ ಕೆಳಗೆ ಸುರೇಖಾಳ ಪುಸ್ತಕಗಳ ಹಲಗೆ. ನೀರಿಗಾಗಿ ಮೇಲಿನ ಊರಿನವರೂ ಕೆಳಗಿನ ಊರಿನವರೂ ಕಾದಾಡಿ ಬಂದಾಗ ಲಾಲಪ್ಪ ಬೀಡಿ ಹಚ್ಚಿಕೊಂಡು ಮಗಳಿಗೆ ಹೇಳುತ್ತಿದ್ದ: "ನೀರು ಯಾರದಾರ ಇರ್ಲಿ ಬೇ, ತೂಬಿನ ಕೀಲಿ ಯಾರ ಕೈಯಾಗ ಐತಿ, ಅವನ ಮಾತು ನಡೀತೈತಿ."

ಸಿಂಧನೂರಿನಲ್ಲಿ ಬಿ.ಎ. ಮುಗಿಸಿ, ಎರಡು ವರ್ಷ ಗ್ರಂಥಾಲಯದ ಬೆಂಚು ಸವೆಸಿ, ಕೆ.ಎ.ಎಸ್. ಪರೀಕ್ಷೆಯ ಮೊದಲ ಹಂತ ದಾಟಿದ್ದಳು. ಎರಡನೆಯದರಲ್ಲಿ ಬಿದ್ದಳು. ಅಷ್ಟರಲ್ಲಿ ಕಂಡಕ್ಟರ್ ಕೆಲಸದ ಪಟ್ಟಿಯಲ್ಲಿ ಹೆಸರು ಬಂತು. ಅತ್ತವಳಲ್ಲ. ಪರೀಕ್ಷೆ ಹೋಯಿತು, ಓದಿದ್ದೇನೂ ಹೋಗಲಿಲ್ಲವಲ್ಲ ಅಂದುಕೊಂಡು ಖಾಕಿ ಹಾಕಿಕೊಂಡಳು. ಈಗ ಹದಿಮೂರು ವರ್ಷದ ಸರ್ವಿಸು. ಗಂಡ ಸುನೀಲ ಲಿಂಗಸುಗೂರಿನ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ತಂದೆ ತೀರಿಕೊಂಡ ಮೇಲೆ ತಾಯಿಯೂ ಅವಳ ಜೊತೆಗೇ ಬಂದಿದ್ದಳು.

ಅವಳ ಬಸ್ಸಿನ ಡ್ರೈವರ್ ಖಾಜಾಸಾಬ್. ಐವತ್ತಾರು ದಾಟಿದ ಮನುಷ್ಯ, ದೊಡ್ಡ ಮೈ, ಸಣ್ಣ ಮಾತು. ಇಡೀ ಟ್ರಿಪ್ಪಿನಲ್ಲಿ ನಾಲ್ಕು ಮಾತಾಡಿದರೆ ಹೆಚ್ಚು. ಆದರೆ ಮಗಳು ಗೌಸಿಯಾಳ ಮಾತು ಬಂದರೆ ಮಾತ್ರ ಅವರ ಬಾಯಿ ಬಿಚ್ಚಿಕೊಳ್ಳುತ್ತಿತ್ತು. ಆ ಹುಡುಗಿ ಇರಾನಿನ ಉರ್ಮಿಯಾ ಎಂಬ ಊರಿನಲ್ಲಿ ಡಾಕ್ಟರಿಕೆ ಓದುತ್ತಿದ್ದಳು.

ಎರಡು ಸಾವಿರದ ಇಪ್ಪತ್ತೈದರ ಜೂನ್ ತಿಂಗಳಲ್ಲಿ ಅಲ್ಲಿ ಯುದ್ಧ ಶುರುವಾಯಿತು. ಎರಡು ದಿನ ಗೌಸಿಯಾಳ ಫೋನ್ ಹತ್ತಲಿಲ್ಲ. ಮೂರನೆಯ ದಿನ ಸಿಂಧನೂರು ಬಸ್ ನಿಲ್ದಾಣದಲ್ಲಿ ಖಾಜಾಸಾಬ್ ಚಹಾ ಹಿಡಿದು ನಿಂತಿದ್ದಾಗ ಅವಳೇ ಫೋನ್ ಮಾಡಿದಳು. ಇಂಡಿಯಾದ ಹುಡುಗರನ್ನೆಲ್ಲ ಬಸ್ಸಿನಲ್ಲಿ ಅರ್ಮೇನಿಯಾಕ್ಕೆ ಕರೆದೊಯ್ಯುತ್ತಾರಂತೆ, ಅಲ್ಲಿಂದ ವಿಮಾನವಂತೆ. ಅಷ್ಟು ಹೇಳುವಷ್ಟರಲ್ಲಿ ಲೈನ್ ಹೋಯಿತು.

ಖಾಜಾಸಾಬ್ ಸುರೇಖಾಳ ಕಡೆ ತಿರುಗಿದರು. "ಅರ್ಮೇನಿಯಾ ಅಂದ್ರ ಯಾ ಕಡೀಗೆ ಬರತೈತಿ ಬೇಟಿ?"

ಅವಳು ಫೋನಿನಲ್ಲಿ ನಕಾಶೆ ತೆಗೆದಳು. ಕಣ್ಣು ತುಂಬಿ ಮಂಜಾಗಿದ್ದ ಆ ಮನುಷ್ಯನಿಗೆ ಆ ಸಣ್ಣ ಗೆರೆಗಳು ಕಾಣಲಿಲ್ಲ. ಆಗ ಅವಳು ಬಸ್ಸಿನ ಹಿಂದಿನ ಗಾಜಿನ ಮೇಲೆ ಕೂತಿದ್ದ ಧೂಳಿನಲ್ಲಿ ಬೆರಳಿನಿಂದ ದೊಡ್ಡದಾಗಿ ಬರೆದಳು.

"ಇದು ಉರ್ಮಿಯಾ ನೋಡ್ರಿ ಕಾಕಾ. ಇಲ್ಲಿಂದ ಹಿಂಗ ಉತ್ತರಕ್ಕ ಹೋದ್ರ ಒಂದು ಹೊಳಿ ಬರತೈತಿ, ಅರಾಸ್ ಅಂತ. ಹೊಳಿಗೆ ಸೇತುವೆ ಐತಿ. ಸೇತುವೆ ದಾಟಿದ್ರ ಅರ್ಮೇನಿಯಾ. ಅಲ್ಲಿ ಗುಂಡಿಲ್ಲ, ಬಾಂಬಿಲ್ಲ."

"ರಸ್ತೆ ಎಂಥಾದ್ದು?"

"ಗುಡ್ಡದ ರಸ್ತೆ ಐತ್ರಿ."

ಖಾಜಾಸಾಬ್ ಆ ಧೂಳಿನ ಗೆರೆಯ ಗುಂಟ ತಾವೂ ಬೆರಳು ಓಡಿಸಿದರು. ಆಮೇಲೆ ಕೇಳಿದರು: "ಡ್ರೈವರ್ ಎಂಥಾವ ಅದಾನೋ ಏನೋ?"

ಡ್ರೈವರ್ ಒಳ್ಳೆಯವನೇ ಇದ್ದ. ವಾರದೊಳಗೆ ಗೌಸಿಯಾ ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ಬೆನ್ನಿಗೊಂದು ಚೀಲ ಹಾಕಿಕೊಂಡು ಇಳಿದಳು. ನಿಂತಿದ್ದ ಅಷ್ಟೂ ಬಸ್ಸುಗಳ ಡ್ರೈವರುಗಳು ಒಟ್ಟಿಗೆ ಹಾರ್ನ್ ಹೊಡೆದರು. ಗೌಸಿಯಾಳ ತಾಯಿ ಚಾಂದ್‌ಬೀ ಮರುದಿನ ದೊಡ್ಡ ಪಾತ್ರೆಯ ತುಂಬ ಖುಬಾನಿ ಕಾ ಮೀಠಾ, ಅಂದರೆ ಏಪ್ರಿಕಾಟ್ ಹಣ್ಣಿನ ಸಿಹಿ, ಮಾಡಿ ಡಿಪೋಕ್ಕೆ ಕಳಿಸಿದಳು. ಮೆಕ್ಯಾನಿಕ್ಕುಗಳು ಗ್ರೀಸಿನ ಕೈ ತೊಳೆಯುವುದನ್ನೂ ಮರೆತು ತಿಂದರು.

ಅದಾಗಿ ಎರಡು ತಿಂಗಳಿಗೆ, ಆಗಸ್ಟಿನಲ್ಲಿ, ಪೇಪರಿನಲ್ಲಿ ಒಂದು ಸುದ್ದಿ ಬಂತು. ಮೂವತ್ತು ವರ್ಷದಿಂದ ಹೊಡೆದಾಡುತ್ತಿದ್ದ ಅರ್ಮೇನಿಯಾ, ಅಜರ್‌ಬೈಜಾನ್ ದೇಶಗಳು ಅಮೆರಿಕಕ್ಕೆ ಹೋಗಿ ಒಪ್ಪಂದ ಮಾಡಿಕೊಂಡಿವೆ, ಅರ್ಮೇನಿಯಾದ ದಕ್ಷಿಣದ ತುದಿಯಲ್ಲಿ ಹೊಸ ರಸ್ತೆ, ರೈಲಿನ ಮಾರ್ಗ ಆಗಲಿದೆ, ಅದರಿಂದ ಇರಾನಿಗೆ ಚಿಂತೆ ಹತ್ತಿದೆ ಎಂದು.

ಅವತ್ತು ಖಾಜಾಸಾಬ್ ತಾವಾಗಿಯೇ ಮಾತು ತೆಗೆದರು. "ಇದು ನಮ್ಮ ಗೌಸಿಯಾ ದಾಟಿ ಬಂದ ಜಾಗಾ ಅಲ್ಲೇನು?"

"ಅದಾ ಜಾಗಾರೀ ಕಾಕಾ."

"ಅಕ್ಕಪಕ್ಕದಾವ್ರು ಜಗಳ ಬಿಟ್ಟು ರಸ್ತೆ ಹಾಕ್ಕೊಂಡ್ರ ಮೂರನೇದಾವ್ರಿಗೆ ಯಾಕ ಹೊಟ್ಟಿ ಉರೀಬೇಕು?"

ಆ ಪ್ರಶ್ನೆ ಸುರೇಖಾಳನ್ನು ಕಾಡಿತು. ಒಂದು ವಾರ ಸಿಕ್ಕಿದ್ದನ್ನೆಲ್ಲ ಓದಿದಳು. ಅನ್ನಕ್ಕೆ ಕೂತರೂ ಒಂದು ಕೈಯಲ್ಲಿ ಫೋನು. "ತಾಟಿನ್ಯಾಗ ಏನೈತಿ ಅಂತಾದ್ರೂ ನೋಡಿ ಉಣ್ಣ ಬೇ," ಎಂದು ಪಕೀರಮ್ಮ ಬೈದಳು. ಎಂಟನೆಯ ದಿನ ಬಸ್ಸು ಲಿಂಗಸುಗೂರು ಬಿಟ್ಟದ್ದೇ ಸುರೇಖಾ ಕಂಬಿಗೆ ಬೆನ್ನು ಕೊಟ್ಟು ನಿಂತಳು. ಆವತ್ತು ಹೇಳಲು ತೊಡಗಿದ್ದು ದಸರೆಯವರೆಗೂ ಮುಗಿಯಲಿಲ್ಲ. ಕೇಳುವವರು ಬದಲಾಗುತ್ತಿದ್ದರು, ಕೇಳುವ ಪ್ರಶ್ನೆಯೂ ಬದಲಾಗುತ್ತಿತ್ತು.

ಬದಲಾಗದೆ ದಿನಾ ಕೇಳುತ್ತಿದ್ದವರು ಒಬ್ಬರೇ, ಯಂಕೋಬ ಮೇಷ್ಟ್ರು. ಲಿಂಗಸುಗೂರಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಹೇಳುತ್ತಿದ್ದ ಅವರು ಮಸ್ಕಿಯಿಂದ ಇದೇ ಬಸ್ಸಿನ ಮರುಟ್ರಿಪ್ಪಿಗೆ ಹತ್ತುತ್ತಿದ್ದರು. ಕೇಳುತ್ತ ಕೇಳುತ್ತ ಒಮ್ಮೆ ಜೇಬಿನಿಂದ ಪೆನ್ನು ತೆಗೆದು ಬರೆದುಕೊಂಡದ್ದನ್ನು ಸುರೇಖಾ ನೋಡಿ ನಾಚಿ, ಎಂದೂ ಇಲ್ಲದಂತೆ ಎರಡೆರಡು ಸಲ ಸೀಟಿ ಊದಿದ್ದಳು.

ಅಕ್ಟೋಬರಿನ ಒಂದು ಬುಧವಾರ ಬಸ್ಸು ಹನ್ನೆರಡೂವರೆಗೆ ಲಿಂಗಸುಗೂರು ಮುಟ್ಟಿತು. ಮುಂದಿನ ಟ್ರಿಪ್ಪು ಎರಡೂವರೆಗೆ. ಸುರೇಖಾ ಬುತ್ತಿ ಬಿಚ್ಚಿ ರೊಟ್ಟಿ ಮುರಿಯುವಷ್ಟರಲ್ಲಿ ಯಂಕೋಬ ಮೇಷ್ಟ್ರು ಬೈಕಿನಲ್ಲಿ ಬಂದು ನಿಂತರು. ಮುಖದ ಮೇಲೆಲ್ಲ ಬೆವರು.

"ಸುರೇಖಾ ಅವ್ರೇ, ಮರ್ಯಾದಿ ಉಳಿಸ್ಬೇಕ್ರಿ. ಇವತ್ತು ನಮ್ಮ ಕಾಲೇಜಿನ್ಯಾಗ ವಿಚಾರ ಸಂಕಿರಣ. ಹೊಸ ಸಾರಿಗೆ ಮಾರ್ಗಗಳು, ನೆರೆರಾಷ್ಟ್ರಗಳ ಹಿತಾಸಕ್ತಿ ಅಂತ ವಿಷಯ. ಕಲಬುರಗಿಯಿಂದ ಬರೂ ಮೇಡಂ ಅವರ ಕಾರು ದಾರ್ಯಾಗ ಕೆಟ್ಟು ನಿಂತೈತಿ. ಮುನ್ನೂರು ಹುಡುಗರು ಕುಂತಾರ. ನೀವು ಬಂದು ಮಾತಾಡ್ರಿ."

"ನಾನ್ರೀ?" ಸುರೇಖಾಳ ಕೈಯ ರೊಟ್ಟಿ ಅಲ್ಲೇ ನಿಂತಿತು. "ಸರ್, ನಾ ಕಂಡಕ್ಟರ್ ಅದೀನ್ರಿ."

"ದಿನಾ ಮಸ್ಕಿಯಿಂದ ಇಲ್ಲೀತನ ನನಗ ಪಾಠ ಹೇಳ್ತೀರಿ. ನಾ ಅದನ್ನಾ ತೊಗೊಂಡು ಹೋಗಿ ಕ್ಲಾಸಿನ್ಯಾಗ ಹೇಳ್ತೀನಿ. ಖರೇ ಹೇಳಾಕತ್ತೀನಿ, ಇವತ್ತು ನೀವಾ ಹೇಳಿಬಿಡ್ರಿ."

ಅವಳು ಖಾಜಾಸಾಬರ ಮುಖ ನೋಡಿದಳು. ಅವರು ತಮ್ಮ ಬುತ್ತಿಯ ಮುಚ್ಚಳ ಹಾಕಿ ಎದ್ದು ನಿಂತಿದ್ದರು. "ನಡೀ ಬೇಟಿ. ನಾನೂ ಬರ್ತೀನಿ. ಎರಡೂ ಇಪ್ಪತ್ತಕ್ಕ ಇಲ್ಲಿರಬೇಕು ಅಷ್ಟಾ." ದಾರಿಯಲ್ಲೇ ಮನೆಗೆ ಫೋನ್ ಮಾಡಿ ಗೌಸಿಯಾಳನ್ನೂ ಬರಹೇಳಿದರು.

ಸಭಾಂಗಣದ ಬಾಗಿಲಲ್ಲಿ ಖಾಕಿ ಬಟ್ಟೆಯ ಇಬ್ಬರನ್ನು ಕಂಡು ಹುಡುಗರೆಲ್ಲ ಗೊಳ್ಳೆಂದರು. ಯಾರೋ ಹಿಂದಿನಿಂದ "ರೈಟ್, ರೈಟ್!" ಎಂದು ಕೂಗಿದ. ಸುರೇಖಾ ವೇದಿಕೆ ಹತ್ತಿ ಮೈಕಿನ ಮುಂದೆ ನಿಂತಳು. ತುಂಬಿದ ಸಭೆಯನ್ನು ನೋಡಿದಳು. ಮುನ್ನೂರು ಮಂದಿ ಇದ್ದರೇನು, ಸಂತೆ ದಿನದ ಬಸ್ಸಿಗಿಂತ ಇದೇನೂ ಹೆಚ್ಚಿನ ಗದ್ದಲವಲ್ಲ ಅನ್ನಿಸಿತು.

"ಎಲ್ಲಾರೂ ಒಳಗ ಸರೀರಿ, ಬಾಗಿಲದಾಗ ನಿಂದರಬ್ಯಾಡ್ರಿ," ಅಂದಳು. ಸಭೆ ನಕ್ಕಿತು. ಬಾಗಿಲಲ್ಲಿದ್ದವರು ನಿಜವಾಗಿಯೂ ಒಳಗೆ ಸರಿದರು.

ಬರೀ ಮಾತಿನಲ್ಲಿ ಇದನ್ನು ಹೇಳಲಾಗದು ಎಂದು ಅವಳಿಗೆ ಗೊತ್ತಿತ್ತು. ಮುಂದಿನ ಸಾಲಿನಿಂದ ಪಂಪಾವತಿ, ಶೇಖರಮ್ಮ ಎಂಬ ಇಬ್ಬರು ಹುಡುಗಿಯರನ್ನು ಕರೆದು ವೇದಿಕೆಯ ಎರಡು ತುದಿಗೆ ನಿಲ್ಲಿಸಿದಳು. "ಇವರಿಬ್ರೂ ಸೇರಿ ಅಜರ್‌ಬೈಜಾನ್. ದೇಶ ಒಂದಾ, ತುಂಡು ಎರಡು. ಈ ಕಡೀದು ದೊಡ್ಡ ತುಂಡು, ಆ ಕಡೀದು ಸಣ್ಣದು, ನಖಿಚೆವಾನ್ ಅಂತ ಹೆಸರು." ನಡುವೆ ನಿಲ್ಲಲು ವಿರೇಶ ಎಂಬ ತೆಳ್ಳನೆಯ ಹುಡುಗ ಬಂದ. "ಇವ ಅರ್ಮೇನಿಯಾ. ದಕ್ಷಿಣದ ತುದಿಗೆ ಹಿಂಗಾ ಸಣಕಲ ಅದಾನ." ಮತ್ತೆ ನಗು. ಕೊನೆಗೆ ಖಾಜಾಸಾಬರ ತೋಳು ಹಿಡಿದು ವಿರೇಶನ ಬೆನ್ನ ಹಿಂದೆ, ವೇದಿಕೆಯ ಉದ್ದಕ್ಕೂ ಕೈ ಚಾಚಿ ನಿಲ್ಲಿಸಿದಳು. "ಇವರು ಇರಾನ್."

ಮೂವತ್ತು ವರ್ಷದ ಸರ್ವಿಸಿನಲ್ಲಿ ಒಂದು ಮಾತು ಹೆಚ್ಚಾಡದ ಖಾಜಾಸಾಬ್ ಎದೆ ಉಬ್ಬಿಸಿ ಇರಾನ್ ಆಗಿ ನಿಂತರು.

"ಅರ್ಮೇನಿಯಾಕ್ಕೂ ಅಜರ್‌ಬೈಜಾನ್‌ಗೂ ಮೂವತ್ತು ವರ್ಷದಿಂದ ಮಾತಿಲ್ಲ, ಕಥಿಯಿಲ್ಲ. ಬಾಗಲಾ ಬಂದ್. ಪಂಪಾವತಿ, ಈ ಪುಸ್ತಕ ನಿಮ್ಮ ಶೇಖರಮ್ಮಗ ಮುಟ್ಟಿಸವ್ವಾ."

ಪಂಪಾವತಿ ವಿರೇಶನ ಕಡೆ ಹೆಜ್ಜೆ ಇಟ್ಟಳು. ಅವನು ಅಡ್ಡ ನಿಂತ. ಅವಳು ಸುತ್ತು ಹಾಕಿ ಖಾಜಾಸಾಬರ ಹತ್ತಿರ ಬಂದಳು.

"ಎಲ್ಲಿಗೆ?" ಎಂದರು ಖಾಜಾಸಾಬ್. ಯಾರೂ ಹೇಳಿಕೊಟ್ಟಿರಲಿಲ್ಲ.

"ನಖಿಚೆವಾನ್‌ಗ್ರೀ."

"ಲಗೇಜ್ ಏನೈತಿ ತೋರ್ಸು." ಪುಸ್ತಕ ಇಸಿದುಕೊಂಡು, ಹಿಂದೆ ಮುಂದೆ ತಿರುಗಿಸಿ, ಮೂಸಿ ನೋಡಿ, "ಹೋಗು" ಎಂದರು. ಸಭೆ ಬಿದ್ದು ಬಿದ್ದು ನಕ್ಕಿತು. ಸುರೇಖಾಳೂ ಮೈಕ್ ದೂರ ಹಿಡಿದು ನಕ್ಕಳು.

"ನೋಡ್ರಿ, ಇಷ್ಟು ದಿನ ಇವರ ಅಂಗಳದಾಗ ಹಾಯ್ದು ಹೋಗಬೇಕಿತ್ತು. ಅದರಿಂದ ಇರಾನ್‌ಗೆ ಒಂದು ಕಿಮ್ಮತ್ತಿತ್ತು. ನಮ್ಮಪ್ಪ ಕಾಲುವೆ ಗ್ಯಾಂಗ್‌ಮನ್ ಇದ್ದ. ತೂಬಿನ ಕೀಲಿ ಕೈಯಾಗ ಇದ್ದಾವನ ಮಾತು ನಡೀತೈತಿ ಅಂತಿದ್ದ. ಈಗ ಏನಾತು?"

ಲಗೇಜು ಕಟ್ಟುವ ಹಗ್ಗವನ್ನು ಬಸ್ಸಿನಿಂದ ತಂದಿದ್ದಳು. ಪಂಪಾವತಿಯಿಂದ ಶೇಖರಮ್ಮನವರೆಗೆ ಅದನ್ನು ಎಳೆದಳು. ಹಗ್ಗ ವಿರೇಶನಿಗೂ ಖಾಜಾಸಾಬರಿಗೂ ನಡುವೆ, ವಿರೇಶನ ಬೆನ್ನಿಗೆ ತಾಗಿ ಹಾದುಹೋಯಿತು.

"ಇದು ಹೊಸ ರಸ್ತೆ. ಉದ್ದ ನಲವತ್ತು ಕಿಲೋಮೀಟರಿನ ಮ್ಯಾಲೆ ಒಂದಿಷ್ಟು. ನಮ್ಮ ಲಿಂಗಸುಗೂರಿನಿಂದ ಮಸ್ಕಿ ದಾಟಿ ಮುಂದ ಒಂದೀಟು ಹೋದಂಗ. ಪುಸ್ತಕ ಕಳಿಸವ್ವಾ."

ಪುಸ್ತಕ ಹಗ್ಗದ ಗುಂಟ ಈ ತುದಿಯಿಂದ ಆ ತುದಿಗೆ ಹೋಯಿತು. ಖಾಜಾಸಾಬ್ ಚಾಚಿದ ಕೈ ಹಾಗೇ ಇತ್ತು. ಅದನ್ನು ಯಾರೂ ಕೇಳಲಿಲ್ಲ.

"ಇದು ಮೊದಲನೇ ಪೆಟ್ಟು. ಕಾಕಾ, ಈಗ ನಿಮ್ಮ ದೋಸ್ತ ಅರ್ಮೇನಿಯಾನ ಕೈ ಹಿಡೀರಿ."

ಖಾಜಾಸಾಬ್ ಕೈ ಮುಂದೆ ಮಾಡಿದರು. ಹಗ್ಗ ಅಡ್ಡ ಬಂತು.

"ಇದು ಎರಡನೇದು. ಇರಾನ್‌ಗೆ ಉತ್ತರಕ್ಕ ಹೋಗಾಕ ಇದ್ದ ನಂಬಿಕಿ ಬಾಗಲಾ ಇದು. ಬಾಗಲಾ ಮುಚ್ಚೂದಿಲ್ಲ ಅಂತ ಅರ್ಮೇನಿಯಾ ಹೇಳತೈತಿ, ನೆಲ ನಮ್ದಾ, ಕಾಯ್ದೆನೂ ನಮ್ದಾ ಅಂತೈತಿ. ಆದ್ರ ಹೊಸ್ತಿಲದಾಗ ಹೊಸಬ್ರು ಬಂದು ಕುಂತ್ರ ಮನಿಯಾಕಿಗೆ ಜೀವ ತಡೀತೈತೇನು? ಈ ರಸ್ತೆ ಕಟ್ಟಾಕ ಅಮೆರಿಕದ ಕಂಪನಿಗಳು ಬರ್ತಾವ. ಅಮೆರಿಕಕ್ಕೂ ಇರಾನ್‌ಗೂ ಎಂಥಾ ದೋಸ್ತಿ ಐತಿ ಅಂತ ನಿಮಗ ಗೊತ್ತೈತಿ. ಅದು ಮೂರನೇ ಭಯ. ನಮ್ಮ ದೇಶಾನೂ ಇರಾನ್ ಬಂದರದಾಗ ಸರಕು ಇಳಿಸಿ, ಉತ್ತರಕ್ಕ ಕಳಿಸಬೇಕು ಅಂತ ಐತಿ. ಅದಕ್ಕ ನಾವೂ ಕಿವಿ ಕೊಟ್ಟು ಕುಂದರಬೇಕು."

ಹಿಂದಿನ ಸಾಲಿನಲ್ಲಿ ಒಬ್ಬ ಎದ್ದ. "ಮೇಡಂ, ಅಲ್ಲೀದು ನಮಗ್ಯಾಕ್ರಿ? ರಸ್ತೆ ಆದ್ರ ಛಲೋನ ಅಲ್ಲೇನು?"

"ನಿಮ್ಮೂರು ಯಾವದಪಾ?"

"ಮಸ್ಕಿರೀ."

"ಮಸ್ಕಿಯಾವ್ರು ಎಷ್ಟು ಮಂದಿ ಅದೀರಿ, ಕೈ ಎತ್ರಿ." ಎಪ್ಪತ್ತು ಎಂಬತ್ತು ಕೈ ಎದ್ದವು. "ಛಲೋ. ನಾಳೆ ಲಿಂಗಸುಗೂರಿನಿಂದ ಸಿಂಧನೂರಿಗೆ ಮಸ್ಕಿ ಮುಟ್ಟದಂಗ ಒಂದು ಸೀದಾ ರಸ್ತೆ ಆತು ಅಂತ ತಿಳೀರಿ. ಬಸ್ಸೆಲ್ಲಾ ಆ ಕಡೀನ ಹೋಗ್ತಾವ."

"ಹೆಂಗ ಹೋಗ್ತಾವ್ರಿ!" ಒಬ್ಬ ಅಲ್ಲ, ನಲವತ್ತು ಮಂದಿ ಎದ್ದು ನಿಂತರು. "ನಾವು ಬಸ್ ತಡೀತೀವಿ!" "ನಮ್ಮ ಅಂಗಡಿ ಗತಿ ಏನ್ರಿ?" ಸಿಂಧನೂರಿನ ಹುಡುಗರು "ಹೋಗ್ಲಿ ಬಿಡ್ರಿ, ನಮಗ ಅರ್ಧ ತಾಸು ಉಳೀತೈತಿ" ಅಂದರು. ಮಸ್ಕಿಯವರು ಅವರ ಕಡೆ ತಿರುಗಿದರು. ಸಭೆ ಸಂತೆಯಾಯಿತು.

ಸುರೇಖಾ ಕೊರಳಿನ ಸೀಟಿ ಬಾಯಿಗಿಟ್ಟು ಒಂದು ಸಲ ಊದಿದಳು. ಗಪ್‌ಚುಪ್.

"ಈಗ ಇರಾನ್ ತಿಳೀತಲ್ಲ? ಕುಂದರ್ರಿ."

ಚಪ್ಪಾಳೆ ನಿಲ್ಲಲೇ ಇಲ್ಲ. ಆ ಗದ್ದಲದಲ್ಲಿಯೇ ಗೌಸಿಯಾ ಬಾಗಿಲ ಹತ್ತಿರದಿಂದ ಎದ್ದು ಬಂದು ಮೈಕ್ ಕೇಳಿದಳು. ಅವಳು ಬಂದದ್ದನ್ನು ಸುರೇಖಾ ಅಷ್ಟು ಹೊತ್ತು ನೋಡಿರಲಿಲ್ಲ.

"ಆ ಹಗ್ಗ ಐತಲ್ಲ, ಆ ಜಾಗಾ ನಾ ಬಸ್ಸಿನ್ಯಾಗ ದಾಟೀನಿ," ಎಂದಳು. "ಹಿಂದ ಯುದ್ಧ ನಡದಿತ್ತು. ಸೇತುವೆ ದಾಟಿದ ಮ್ಯಾಲೆ ಒಂದು ಊರಾಗ ಬಸ್ ನಿಂತಿತು. ಒಬ್ಬಾಕಿ ಮುದುಕಿ ಬಂದ್ಳು. ಆಕಿ ಭಾಷಾ ನಮಗ ಬರಂಗಿಲ್ಲ, ನಮ್ದು ಆಕಿಗೆ ಬರಂಗಿಲ್ಲ. ನನ್ನ ದುಪಟ್ಟಾದಾಗ ಮಡಿಲು ತುಂಬ ಹಸಿ ಖುಬಾನಿ ಹಾಕಿದ್ಳು. ಮದುವಿ ಊಟದಾಗ ತಿನ್ನೂ ಒಣಾ ಖುಬಾನಿ ಅಷ್ಟಾ ಗೊತ್ತಿತ್ತು ನನಗ. ಹಸೀದು ಅಷ್ಟು ಸಿಹಿ ಇರತೈತಂತ ಅವತ್ತಾ ಗೊತ್ತಾತು. ಆ ಬಾಗಲಾ ತಗದು ಇದ್ದದ್ದಕ್ಕ ನಾ ಇಲ್ಲಿ ನಿಂತೀನಿ. ಯಾರು ಏನು ರಸ್ತೆ ಕಟ್ಲಿ, ಆ ಬಾಗಲಾ ಒಂದು ಹಂಗಾ ಇರ್ಲಿ."

ಇರಾನ್ ಆಗಿ ನಿಂತಿದ್ದ ಖಾಜಾಸಾಬರಿಗೆ ತಡೆಯಲಾಗಲಿಲ್ಲ. ಹಗ್ಗವನ್ನು ಎತ್ತಿ, ಅದರ ಕೆಳಗೆ ದೊಡ್ಡ ಮೈ ಬಗ್ಗಿಸಿ ನುಸುಳಿ ಬಂದು ಮಗಳ ತಲೆಯ ಮೇಲೆ ಕೈಯಿಟ್ಟರು. ಹುಡುಗರು ಸೀಟಿ ಹೊಡೆದರು.

"ಹಂಗಾದ್ರ ರಸ್ತೆ ಆಗಬಾರದೇನ್ರಿ ಮೇಡಂ?" ಮಸ್ಕಿಯ ಅದೇ ಹುಡುಗ ಈಗ ಮೆತ್ತಗೆ ಕೇಳಿದ.

"ಆಗಬೇಕಪಾ. ರಸ್ತೆ ಬ್ಯಾಡ ಅಂದ್ರ ನನ್ನ ನೌಕರಿ ಏನಾಗಬೇಕು? ಅರ್ಮೇನಿಯಾ ಮೂವತ್ತು ವರ್ಷ ಎರಡೂ ಕಡಿ ಬಾಗಲಾ ಬಂದ್ ಆಗಿ ಕುಂತಿತ್ತು, ಅದಕ್ಕೂ ಉಸಿರಾಡಬೇಕಲ್ಲ. ಹೊಡೆದಾಡೂದು ನಿಂತದ್ದು ಸಣ್ಣ ಮಾತಲ್ಲ. ಆದ್ರ ರಸ್ತೆ ಎಳೆಯಾವ್ರು ಅದರ ಬಾಜೂಕ ಯಾರ ಮನಿ ಐತಿ ಅಂತ ಕೇಳಬೇಕು. ಕೇಳದ ಎಳೆದ್ರ, ಇವತ್ತು ರಸ್ತೆ ಆದದ್ದು ನಾಳೆ ಜಗಳ ಆಗತೈತಿ."

ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹೆಂಗಸು ಎದ್ದು ನಿಂತರು. ನರೆತ ಕೂದಲು, ಸೀರೆಯ ಸೆರಗಿನ ಮೇಲೆ ಎಂಜಿನ್ ಎಣ್ಣೆಯ ಕಲೆ. ಯಂಕೋಬ ಮೇಷ್ಟ್ರು ಗಾಬರಿಯಾಗಿ ಓಡಿದರು. ಕಲಬುರಗಿಯ ಪ್ರೊಫೆಸರ್ ಲಕ್ಷ್ಮಿದೇವಿಯವರು! ಯಾವುದೋ ಟಂಟಂ ಆಟೋ ಹತ್ತಿ ಬಂದು ಅರ್ಧ ತಾಸಿನಿಂದ ಹಿಂದೆ ಕೂತು ಕೇಳುತ್ತಿದ್ದರಂತೆ.

"ನಾನು ನಲವತ್ತು ಪುಟ ಬರೆದುಕೊಂಡು ಬಂದಿದ್ದೆ," ಎಂದರು ಅವರು ವೇದಿಕೆಗೆ ಬಂದು. "ಈಗ ಅದನ್ನು ಓದಿದರೆ ನೀವೆಲ್ಲ ಮಲಗಿಬಿಡ್ತೀರಿ. ಒಂದೇ ಒಂದು ತಿದ್ದುಪಡಿ. ನಖಿಚೆವಾನ್‌ಗೆ ತುರ್ಕಿಯ ಜೊತೆ ಒಂದು ಸಣ್ಣ ಗಡಿ ಇದೆ, ಅದನ್ನ ಈ ತಂಗಿ ಬಿಟ್ಟರು. ಅದರಾಚೆ ಒಬ್ಬ ತುರ್ಕಿಯನ್ನೂ ನಿಲ್ಲಿಸಿದರೆ ರಸ್ತೆ ಎಲ್ಲಿತನಕ ಹೋಗತದೆ, ಇರಾನ್‌ಗೆ ಯಾಕೆ ನಿದ್ದೆ ಬರೂದಿಲ್ಲ ಅಂತ ಪೂರಾ ಕಾಣತದೆ."

ಸುರೇಖಾ ನಾಲಿಗೆ ಕಚ್ಚಿಕೊಂಡಳು. ಗಡಿಬಿಡಿಯಲ್ಲಿ ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ 'ತುರ್ಕಿ' ಎಂದು ಬರೆದುಕೊಂಡಳು. ಅದನ್ನು ಕಂಡ ಪ್ರೊಫೆಸರ್ ಅವಳ ಆ ಕೈಯನ್ನೇ ಹಿಡಿದು ಎತ್ತಿ ಸಭೆಗೆ ತೋರಿಸಿದರು. ಅವಳಿಗೆ ಆವತ್ತು ಶಾಲು ಹೊದಿಸಿ ಹಾರ ಹಾಕಿದರು. ಎರಡೂ ಹದಿನೆಂಟಕ್ಕೆ ಹಾರ ಕೊರಳಲ್ಲೇ ಇಟ್ಟುಕೊಂಡು ಬಸ್ ಹತ್ತಿದಳು. ಬುತ್ತಿಯಲ್ಲಿ ಮುರಿದ ರೊಟ್ಟಿ ಹಾಗೇ ಇತ್ತು.

ಮಾತಿಗೆ ಕಾಲಿಲ್ಲದಿದ್ದರೂ ಬಸ್ಸಿಗಿಂತ ಜೋರಾಗಿ ಓಡುತ್ತದೆ. ಮರುದಿನ ಬೆಳಿಗ್ಗೆ ಮಸ್ಕಿ ನಿಲ್ದಾಣದಲ್ಲಿ ಐವತ್ತು ಮಂದಿ ಬಸ್ಸಿಗೆ ಅಡ್ಡ ನಿಂತಿದ್ದರು. ಕಿರಾಣಿ ಅಂಗಡಿಯವರು, ಹಣ್ಣು ಮಾರುವವರು, ಎಲ್ಲರ ಮುಂದೆ ಮಿರ್ಚಿ ಬಜಿ ಕರಿಯುವ ಮಾರೆಮ್ಮ ಎಣ್ಣೆ ಸೋಸುವ ಝಾರಾ ಹಿಡಿದುಕೊಂಡೇ ಬಂದಿದ್ದಳು.

"ಏನವಾ ಸುರೇಖಾ, ಮಸ್ಕಿ ಬಿಟ್ಟು ರಸ್ತೆ ಹಾಕ್ತಾರಂತಲ್ಲ? ನೀ ಕಾಲೇಜಿನ್ಯಾಗ ಹೇಳಿದೆಂತ!"

ಸುರೇಖಾ ತಲೆ ಮೇಲೆ ಕೈ ಹೊತ್ತಳು. ಖಾಜಾಸಾಬ್ ಸ್ಟೇರಿಂಗ್ ಮೇಲೆ ಬಿದ್ದು ನಗತೊಡಗಿದರು. ಅವರು ನಕ್ಕದ್ದನ್ನು ನೋಡಿ ಬಸ್ಸಿಗೆ ಬಸ್ಸೇ ನಕ್ಕಿತು.

"ಅಲ್ಲಬೇ ಚಿಗವ್ವಾ, ಮಸ್ಕಿಯಲ್ಲ, ಇರಾನ್!"

"ಇರಾನ್ ಯಾವ ತಾಲ್ಲೂಕು?"

ಐದು ನಿಮಿಷದಲ್ಲಿ ಮುಗಿಯುವ ಮಾತಲ್ಲ ಅದು. ರವಿವಾರ ತನ್ನ ರಜೆ, ಅವತ್ತು ಬಂದು ಎಲ್ಲ ಹೇಳುತ್ತೇನೆ ಎಂದು ಮಾತು ಕೊಟ್ಟ ಮೇಲೆಯೇ ಅವರು ಬಸ್ ಬಿಟ್ಟರು.

ಆ ರವಿವಾರ ಮಸ್ಕಿಯ ಗ್ರಂಥಾಲಯದ ಅಂಗಳದಲ್ಲಿ ನೂರಕ್ಕೂ ಹೆಚ್ಚು ಜನ ಸೇರಿದ್ದರು. ಅಜರ್‌ಬೈಜಾನಿನ ಎರಡು ತುಂಡುಗಳಾಗಿ ಇಬ್ಬರು ಅಂಗಡಿಕಾರರು ನಿಂತರು. ಸುನೀಲನನ್ನು ತುರ್ಕಿ ಮಾಡಿದರು. ಅವನು ನಾಚಿಕೊಳ್ಳುತ್ತಲೇ ತುದಿಯಲ್ಲಿ ನಿಂತ. ಮಾರೆಮ್ಮ ತಾನೇ ಇರಾನ್ ಆಗುತ್ತೇನೆಂದು ಹಟ ಹಿಡಿದದ್ದರಿಂದ ಖಾಜಾಸಾಬ್ ಅರ್ಮೇನಿಯಾಕ್ಕೆ ಸರಿಯಬೇಕಾಯಿತು. ಸಣಕಲು ದೇಶಕ್ಕೆ ಅಷ್ಟು ದೊಡ್ಡ ಮೈ ಎಲ್ಲಿಂದ ಬಂತೆಂದು ಜನ ಕೇಳಿದರು.

ಪಕೀರಮ್ಮ ಮೊದಲ ಸಾಲಿನಲ್ಲಿ ನೆಲದ ಮೇಲೆ ಕೂತಿದ್ದಳು. ಮಗಳ ಮಾತನ್ನು ಇಷ್ಟು ಜನ ಕೂತು ಕೇಳುವುದನ್ನು ಅವಳು ನೋಡಿದ್ದು ಅದೇ ಮೊದಲು. ಎಲ್ಲ ಮುಗಿದ ಮೇಲೆ ಪ್ರಶ್ನೆ ಇದ್ದರೆ ಕೇಳಿ ಎಂದಾಗ ಅವಳೇ ಕೈ ಎತ್ತಿದಳು.

"ಅಲ್ಲವಾ, ಹಾದಿ ಹಾಯ್ದು ಹೋಗೂದು ಆ ಅರ್ಮೇನಿಯಾದಾವನ ಹೊಲದಾಗ. ಅಲ್ಲಿ ಕೂಲಿ ಮಾಡೂ ಹೆಣಮಕ್ಕಳು ಇರ್ತಾರಲ್ಲ, ಅವರ ದನ, ಅವರ ಬಂಡಿ ಆ ರಸ್ತೆ ದಾಟಾಕ ಜಾಗಾ ಬಿಡ್ತಾರೇನು?"

ಪುಸ್ತಕಗಳಲ್ಲಿ, ಪೇಪರಿನಲ್ಲಿ, ಎಲ್ಲಿಯೂ ಸುರೇಖಾ ಅದನ್ನು ಓದಿರಲಿಲ್ಲ. ತನಗೆ ಗೊತ್ತಿಲ್ಲವೆಂದು ಎಲ್ಲರೆದುರು ಒಪ್ಪಿಕೊಂಡಳು. ಮನೆಗೆ ಹೋಗುವ ಬಸ್ಸಿನಲ್ಲಿ ತಾಯಿಯ ಪಕ್ಕ, ಕಿಟಕಿಯ ಸೀಟಿನಲ್ಲಿ, ಪ್ರಯಾಣಿಕಳಾಗಿ ಕೂತು, ಕಲಬುರಗಿಯ ಪ್ರೊಫೆಸರಿಗೆ ಫೋನ್ ಹಚ್ಚಿದಳು. "ಮೇಡಂ, ನಮ್ಮವ್ವ ಒಂದು ಕೇಳ್ಯಾಳ್ರಿ," ಎಂದು ಶುರುಮಾಡಿ, ಫೋನನ್ನು ಪಕೀರಮ್ಮನ ಕೈಗೇ ಕೊಟ್ಟಳು.